ಕುದುರೆಗಳ ಕಥೆಗಾರ್ತಿ

ಮಾನವನ ನಾಗರಿಕತೆಯ ಇತಿಹಾಸದಲ್ಲಿ ಕುದುರೆಗೆ ಸಲ್ಲಬೇಕಾದ ಸ್ಥಾನ ಹಿರಿದಾದುದು. ಅದು ರಣರಂಗದಲ್ಲಿ ಅರಸರನ್ನು ಹೊತ್ತು ನಿಂತಿತು, ಹೊಲದಲ್ಲಿ ನೇಗಿಲನ್ನೆಳೆಯಿತು, ರೈಲು ಮೋಟಾರುಗಳಿಲ್ಲದ ಕಾಲದಲ್ಲಿ ಜನರನ್ನೂ ಸರಕನ್ನೂ ಊರಿಂದೂರಿಗೆ ಸಾಗಿಸಿತು. ಯುದ್ಧದಲ್ಲಿ ಗೆದ್ದ ದೊರೆಗಳ ಹೆಸರುಗಳು ಶಾಸನಗಳಲ್ಲಿ ಉಳಿದಿವೆ. ಅವರನ್ನು ಹೊತ್ತು ನಡೆದ ಕುದುರೆಗಳ ಹೆಸರುಗಳಾದರೋ ಬಹುಮಟ್ಟಿಗೆ ಮರೆತುಹೋಗಿವೆ. ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳಲಾರದ ಈ ಮೂಕಪ್ರಾಣಿಗಳ ಚರಿತ್ರೆಯನ್ನು ಮಕ್ಕಳಿಗಾಗಿ ಬರೆಯುವುದನ್ನೇ ಬಾಳಿನ ಕಾಯಕವನ್ನಾಗಿ ಮಾಡಿಕೊಂಡ ಲೇಖಕಿ ಅಮೆರಿಕದ ಮಾರ್ಗರೀಟ್ ಹೆನ್ರಿ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಆಕೆಯ ಪುಸ್ತಕಗಳನ್ನು ಓದದೆ ಬೆಳೆದ ಅಮೆರಿಕದ ಮಕ್ಕಳು ವಿರಳವೆಂದೇ ಹೇಳಬಹುದು.

ಮಾರ್ಗರೀಟ್ 1902ನೆಯ ಇಸವಿ ಏಪ್ರಿಲ್ 13ರಂದು ವಿಸ್ಕಾನ್ಸಿನ್ ಪ್ರಾಂತದ ಮಿಲ್ವಾಕೀ ನಗರದಲ್ಲಿ ಜನಿಸಿದಳು. ಐವರು ಮಕ್ಕಳಲ್ಲಿ ಆಕೆಯೇ ಕಿರಿಯವಳು. ತಂದೆ ಲೂಯಿ ಬ್ರೈಟ್‌ಹಾಪ್ಟ್ ಪ್ರಕಾಶನದ ಉದ್ಯಮವನ್ನು ನಡೆಸುತ್ತಿದ್ದನು. ಮನೆಯಲ್ಲಿ ಪುಸ್ತಕಗಳಿಗಾಗಲಿ ಪ್ರೀತಿಗಾಗಲಿ ಕೊರತೆಯಿರಲಿಲ್ಲ. ಆದರೆ ಆರನೆಯ ವಯಸ್ಸಿನಲ್ಲಿ ಆ ಹುಡುಗಿಗೆ ಸಂಧಿವಾತದ ಜ್ವರ ಬಂದಿತು. ಕೀಲುಗಳಲ್ಲಿ ನೋವನ್ನುಂಟುಮಾಡಿ, ಹೃದಯವನ್ನೇ ದುರ್ಬಲಗೊಳಿಸುವ ಈ ರೋಗಕ್ಕೆ ಅಂದಿನ ವೈದ್ಯರಲ್ಲಿ ತಕ್ಕ ಔಷಧವಿರಲಿಲ್ಲ. ವಿಶ್ರಾಂತಿಯೊಂದೇ ಅವರು ಬಲ್ಲ ಚಿಕಿತ್ಸೆ. ಹೀಗಾಗಿ ಹನ್ನೆರಡು ವರ್ಷ ತುಂಬುವವರೆಗೆ ಮಾರ್ಗರೀಟ್ ಬಹುಪಾಲು ಹಾಸಿಗೆಯಲ್ಲಿಯೇ ಕಳೆಯಬೇಕಾಯಿತು. ಓರಗೆಯ ಮಕ್ಕಳು ಶಾಲೆಗೆ ಹೋಗಿ, ಬಯಲಿನಲ್ಲಿ ಓಡಿ ಆಡಿ ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ಆಕೆಯ ಪ್ರಪಂಚ ಒಂದು ಕೋಣೆಯಷ್ಟಕ್ಕೆ ಸೀಮಿತವಾಗಿತ್ತು.

ಆದರೆ ಕಷ್ಟವು ಕೆಲವರಿಗೆ ಗೋಡೆಯಾದರೆ ಕೆಲವರಿಗೆ ಕಿಟಕಿಯಾಗುತ್ತದೆ. ಹಾಸಿಗೆ ಹಿಡಿದ ಹುಡುಗಿ ಪುಸ್ತಕಗಳ ಜೊತೆಯನ್ನು ಹಿಡಿದಳು. ಓದು ಆಕೆಗೆ ಹೊತ್ತು ಕಳೆಯುವ ಸಾಧನವಾಗಿ ಮಾತ್ರ ಉಳಿಯದೆ ಹೊರಜಗತ್ತಿಗೆ ತೆರೆದ ಬಾಗಿಲಾಯಿತು. ಮಗಳ ಒಲವನ್ನು ಗುರುತಿಸಿದ ತಂದೆ ಒಂದು ಕ್ರಿಸ್‌ಮಸ್ ಹಬ್ಬಕ್ಕೆ ಆಕೆಗೆ ಕೆಂಪು ಬಣ್ಣದ ಪುಟ್ಟ ಮೇಜೊಂದನ್ನು, ಕಾಗದ ಪೆನ್ಸಿಲ್ಲುಗಳೊಡನೆ, ಉಡುಗೊರೆಯಾಗಿ ಕೊಟ್ಟನು. ಬೊಂಬೆಗಳಿಗಿಂತ ಆಕೆಗೆ ಅದೇ ಪ್ರಿಯವಾಯಿತು. ಹನ್ನೊಂದನೆಯ ವಯಸ್ಸಿನಲ್ಲಿ ಆಕೆಯ ಮೊದಲ ಬರಹ ಅಚ್ಚಾಯಿತು. ಋತುಗಳನ್ನು ಕುರಿತು ಬರೆಯುವಂತೆ ಪತ್ರಿಕೆಯೊಂದು ಮಕ್ಕಳನ್ನು ಆಹ್ವಾನಿಸಿದ್ದಿತು. ಶರತ್ಕಾಲದ ತರಗೆಲೆಗಳ ನಡುವೆ ನಡೆಯುವ ಕಣ್ಣುಮುಚ್ಚಾಲೆಯಾಟದ ಕಥೆಯೊಂದನ್ನು ಮಾರ್ಗರೀಟ್ ಕಳುಹಿಸಿದಳು. ಅದಕ್ಕೆ 12 ಡಾಲರ್ ಸಂಭಾವನೆಯೂ ಬಂದಿತು. ತಾನು ಓಡಿ ಆಡಲಾರದ ಆಟವನ್ನು ಕಥೆಯಲ್ಲಿ ಆಡಿಸಿದ ಆ ಬಾಲಕಿಗೆ, ಅಕ್ಷರಕ್ಕಿರುವ ಶಕ್ತಿ ಆಗಲೇ ಅರಿವಾಗಿದ್ದಿರಬೇಕು.

ಆರೋಗ್ಯ ಸುಧಾರಿಸಿದ ಮೇಲೆ ಮಾರ್ಗರೀಟ್ ವಿದ್ಯಾಭ್ಯಾಸವನ್ನು ಮುಂದುವರಿಸಿ, ಮಿಲ್ವಾಕೀಯ ಅಧ್ಯಾಪಕರ ಕಾಲೇಜಿನಲ್ಲಿ ಓದಿದಳು. 1923ರಲ್ಲಿ ಸಿಡ್ನಿ ಕ್ರಾಕರ್ ಹೆನ್ರಿಯನ್ನು ವಿವಾಹವಾದಳು. ದಂಪತಿಗಳಿಗೆ ಮಕ್ಕಳಾಗಲಿಲ್ಲ. ಮುಂದೆ ಅವರು ಇಲಿನಾಯ್ ಪ್ರಾಂತದ ವೇಯ್ನ್ ಎಂಬ ಸಣ್ಣ ಊರಿನಲ್ಲಿ, ಹುಲ್ಲುಗಾವಲಿನಿಂದ ಕೂಡಿದ ಚಿಕ್ಕ ತೋಟದ ಮನೆಯಲ್ಲಿ ನೆಲೆಸಿದರು. ಪತ್ರಿಕೆಗಳಿಗೆ ಲೇಖನಗಳನ್ನು ಬರೆಯುತ್ತ ಬರೆಯುತ್ತ ಆಕೆಯ ಲೇಖನಿ ಪಳಗಿತು. ಫಿನ್‌ಲೆಂಡ್ ದೇಶದ ಇಬ್ಬರು ಮಕ್ಕಳನ್ನು ಕುರಿತ ಆಕೆಯ ಮೊದಲ ಪುಸ್ತಕ 1940ರಲ್ಲಿ ಪ್ರಕಟವಾಯಿತು. ಆದರೆ ತನ್ನ ನಿಜವಾದ ದಾರಿಯನ್ನು ಆಕೆ ಕಂಡುಕೊಂಡದ್ದು 1945ರಲ್ಲಿ, ಒಂದು ಗಿಡ್ಡ ಕುದುರೆಯ ಕಥೆಯನ್ನು ಬರೆದಾಗ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವರ್ಮಾಂಟ್ ಪ್ರಾಂತದಲ್ಲಿ ಜಸ್ಟಿನ್ ಮಾರ್ಗನ್ ಎಂಬ ಬಡ ಶಾಲಾಮಾಸ್ತರನಿದ್ದನು. ತನಗೆ ಬರಬೇಕಾಗಿದ್ದ ಸಾಲಕ್ಕೆ ಬದಲಾಗಿ ಆತನಿಗೆ ಒಂದು ಕುದುರೆಮರಿ ದೊರಕಿತು. ಅದು ಗಾತ್ರದಲ್ಲಿ ಚಿಕ್ಕದು. ಕೊಳ್ಳುವವರ ಕಣ್ಣಿಗೆ ಬೀಳುವಂತಹುದಲ್ಲ. ಆದರೆ ಬೆಳೆದ ಮೇಲೆ ಅದು ಓಟದಲ್ಲಿಯೂ ಮರದ ದಿಮ್ಮಿಗಳನ್ನೆಳೆಯುವುದರಲ್ಲಿಯೂ ತನಗಿಂತ ದೊಡ್ಡ ಕುದುರೆಗಳನ್ನು ಮೀರಿಸಿತೆಂದು ಪ್ರತೀತಿ. ಆ ಒಂದು ಕುದುರೆಯಿಂದಲೇ ಒಂದು ಹೊಸ ತಳಿ ಹುಟ್ಟಿಕೊಂಡಿತು. ಅದಕ್ಕೆ ಮಾಸ್ತರನ ಹೆಸರೇ ನಿಂತಿತು. ಇಂದಿಗೂ ಮಾರ್ಗನ್ ತಳಿಯ ಕುದುರೆಗಳೆಲ್ಲವೂ ತಮ್ಮ ವಂಶವನ್ನು ಆ ಗಿಡ್ಡ ಕುದುರೆಯಿಂದಲೇ ಎಣಿಸುತ್ತವೆ. ಆಕಾರವನ್ನು ಕಂಡು ಅಳೆಯುವ ಜಗತ್ತಿಗೆ ಅಂತಸ್ಸತ್ವದ ಬೆಲೆಯನ್ನು ತೋರಿಸುವ ಈ ವೃತ್ತಾಂತ, ರೋಗದಿಂದ ಬಾಲ್ಯವನ್ನು ಕಳೆದುಕೊಂಡ ಲೇಖಕಿಯ ಮನಸ್ಸನ್ನು ಸೆಳೆದುದರಲ್ಲಿ ಆಶ್ಚರ್ಯವಿಲ್ಲ.

ಕಥೆ ಸಿದ್ಧವಾಯಿತು; ಅದಕ್ಕೆ ತಕ್ಕ ಚಿತ್ರಗಾರನು ಬೇಕಾಗಿದ್ದನು. ಮಾರ್ಗರೀಟ್ ಗ್ರಂಥಾಲಯಕ್ಕೆ ಹೋಗಿ ಕುದುರೆಗಳ ಚಿತ್ರವಿರುವ ಪುಸ್ತಕಗಳನ್ನು ತಿರುವಿಹಾಕಿದಳು. ವೆಸ್ಲಿ ಡೆನ್ನಿಸ್ ಎಂಬ ಕಲಾವಿದನ ಪುಸ್ತಕವೊಂದು ಕೈಗೆ ಸಿಕ್ಕಿತು. ಅದರಲ್ಲಿನ ಕುದುರೆಮರಿಯ ಚಿತ್ರಗಳಲ್ಲಿ ಮೈಕಟ್ಟಷ್ಟೇ ಅಲ್ಲದೆ ಸ್ವಭಾವವೂ ಮೂಡಿದ್ದುದನ್ನು ಆಕೆ ಕಂಡಳು. ಇವನೇ ತನ್ನ ಚಿತ್ರಗಾರನೆಂದು ನಿಶ್ಚಯಿಸಿ ಆತನನ್ನು ಸಂಪರ್ಕಿಸಿದಳು. ಹೀಗೆ ಆರಂಭವಾದ ಸಹಯೋಗ ಎರಡು ದಶಕಗಳ ಕಾಲ, 1966ರಲ್ಲಿ ಡೆನ್ನಿಸ್ ತೀರಿಕೊಳ್ಳುವವರೆಗೆ, ನಡೆಯಿತು. ಒಬ್ಬರ ಮಾತು ಎಲ್ಲಿ ಮುಗಿಯಿತು, ಇನ್ನೊಬ್ಬರ ಕುಂಚ ಎಲ್ಲಿ ತೊಡಗಿತು ಎಂದು ಹೇಳಲಾರದಷ್ಟು ಅವರ ಪುಸ್ತಕಗಳಲ್ಲಿ ಬರಹವೂ ಚಿತ್ರವೂ ಬೆರೆತುಹೋಗಿವೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ, ವರ್ಜೀನಿಯಾ ಪ್ರಾಂತಕ್ಕೆ ಸೇರಿದ ಶಿಂಕಟೀಗ್ ಎಂಬ ದ್ವೀಪವಿದೆ. ಅದರ ಪಕ್ಕದಲ್ಲಿಯೇ ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ಮಲಗಿರುವ ಅಸಟೀಗ್ ಎಂಬ ಇನ್ನೊಂದು ನೀಳವಾದ ಮರಳಿನ ದ್ವೀಪವಿದೆ. ಈ ದ್ವೀಪದ ಜವುಗು ನೆಲದಲ್ಲಿ ಉಪ್ಪುಹುಲ್ಲನ್ನು ಮೇಯುತ್ತ, ಮಳೆಗೂ ಬಿರುಗಾಳಿಗೂ ಮೈಯೊಡ್ಡಿ ಕಾಡುತಟ್ಟುಗಳ ಹಿಂಡುಗಳು ಬದುಕುತ್ತಿವೆ. ಸಾಮಾನ್ಯ ಕುದುರೆಗಿಂತ ಚಿಕ್ಕ ಗಾತ್ರದ ಈ ತಟ್ಟುಗಳನ್ನೇ ಅಲ್ಲಿಯವರು ಪೋನಿಗಳೆನ್ನುತ್ತಾರೆ. ಹಿಂದೆ ಸ್ಪೇನ್ ದೇಶದ ಹಡಗೊಂದು ಒಡೆದು ಮುಳುಗಿದಾಗ ಈಜಿ ದಡ ಸೇರಿದ ಕುದುರೆಗಳ ಸಂತತಿ ಇವು ಎಂಬುದು ಜನರ ನಂಬಿಕೆ. ವಸಾಹತುಗಾರರು ಬೇಲಿಯ ಕಟ್ಟುಪಾಡನ್ನೂ ತೆರಿಗೆಯನ್ನೂ ತಪ್ಪಿಸಿಕೊಳ್ಳಲು ತಮ್ಮ ಕುದುರೆಗಳನ್ನು ಇಲ್ಲಿಗೆ ತಂದು ಬಿಟ್ಟರೆಂಬುದು ಇತಿಹಾಸಜ್ಞರ ಅಭಿಪ್ರಾಯ. ಹೈಟಿಯಲ್ಲಿ ದೊರೆತ ಹದಿನಾರನೆಯ ಶತಮಾನದ ಸ್ಪ್ಯಾನಿಷ್ ಕುದುರೆಯೊಂದರ ಹಲ್ಲನ್ನು ವಿಜ್ಞಾನಿಗಳು ಪರೀಕ್ಷಿಸಿ, ಅದಕ್ಕೆ ಈ ತಟ್ಟುಗಳೊಡನೆ ಹತ್ತಿರದ ನಂಟಿದೆಯೆಂದು 2022ರಲ್ಲಿ ಪ್ರಕಟಿಸಿದರು. ಜನಪದದ ಕಥೆಯನ್ನು ಹಗುರಾಗಿ ತಳ್ಳಿಹಾಕಲಾಗದೆಂಬುದಕ್ಕೆ ಇದೊಂದು ನಿದರ್ಶನ.

ಪ್ರತಿವರ್ಷ ಜುಲೈ ತಿಂಗಳ ಕೊನೆಯ ವಾರದಲ್ಲಿ ಈ ತಟ್ಟುಗಳನ್ನು ಒಟ್ಟುಗೂಡಿಸಿ, ಎರಡು ದ್ವೀಪಗಳ ನಡುವಣ ಕಾಲುವೆಯನ್ನು ಈಜಿಸಿ ಶಿಂಕಟೀಗಿಗೆ ತರುತ್ತಾರೆ. ಮರುದಿನ ಮರಿಗಳಲ್ಲಿ ಹಲವನ್ನು ಹರಾಜು ಹಾಕುತ್ತಾರೆ. ಈ ಪದ್ಧತಿಗೆ ಒಂದು ಕಾರಣವುಂಟು. 1920ರ ದಶಕದಲ್ಲಿ ಶಿಂಕಟೀಗ್ ಪಟ್ಟಣದಲ್ಲಿ ಭೀಕರವಾದ ಬೆಂಕಿಯ ಅನಾಹುತಗಳಾದವು. ಆಗ ಊರವರೇ ಕೂಡಿ ಸ್ವಯಂಸೇವಕ ಅಗ್ನಿಶಾಮಕ ದಳವನ್ನು ಕಟ್ಟಿಕೊಂಡರು. ಅದಕ್ಕೆ ಬೇಕಾದ ಹಣವನ್ನು 1925ರಿಂದ ಈ ಹರಾಜಿನಿಂದ ಕೂಡಿಸತೊಡಗಿದರು. ಹಿಂಡಿನ ಸಂಖ್ಯೆ ಮಿತಿಮೀರಿ ದ್ವೀಪದ ಮೇವು ಸಾಲದಂತಾಗುವುದೂ ಇದರಿಂದ ತಪ್ಪುತ್ತದೆ.

1946ರ ಜುಲೈ ತಿಂಗಳಲ್ಲಿ ಮಾರ್ಗರೀಟ್ ಮತ್ತು ಡೆನ್ನಿಸ್ ಈ ಉತ್ಸವವನ್ನು ನೋಡಲು ಬಂದರು. ಅಲ್ಲಿ ಕ್ಲಾರೆನ್ಸ್ ಬೀಬಿ ಎಂಬ ವೃದ್ಧನ ತಟ್ಟುಸಾಕಣೆಯ ಹಟ್ಟಿಯಲ್ಲಿ, ಹುಟ್ಟಿ ಕೆಲವೇ ದಿನಗಳಾಗಿದ್ದ ಹೆಣ್ಣುಮರಿಯೊಂದು ಆಕೆಯ ಕಣ್ಣಿಗೆ ಬಿದ್ದಿತು. ಹೊಂಬಣ್ಣಕ್ಕೆ ಬಿಳಿಯ ಮಚ್ಚೆಗಳು. ಹೆಗಲ ಬಳಿಯ ಒಂದು ಮಚ್ಚೆಯಂತೂ ಅಮೆರಿಕದ ಭೂಪಟವನ್ನೇ ಹೋಲುತ್ತಿತ್ತು. ಈ ಮರಿಯನ್ನು ಕಣ್ಣೆದುರಿಗಿಟ್ಟುಕೊಂಡೇ ತಾನು ಕಥೆ ಬರೆಯಬೇಕೆಂದು ಆಕೆಗೆ ತೋರಿತು. ಬೀಬಿ ಮೊದಲು ಒಪ್ಪಲಿಲ್ಲ. ಕೊನೆಗೆ, ತನ್ನ ಮೊಮ್ಮಕ್ಕಳಾದ ಪಾಲ್ ಮತ್ತು ಮಾರೀನರನ್ನು ಕಥೆಯಲ್ಲಿ ಸೇರಿಸಬೇಕೆಂಬ ಮಾತಿನ ಮೇಲೆ, 150 ಡಾಲರಿಗೆ ಮರಿಯನ್ನು ಕೊಡಲು ಒಪ್ಪಿದನು. ತಾಯಿಯ ಹಾಲು ಬಿಟ್ಟ ಮೇಲೆ ಅದು ಮರದ ಪೆಟ್ಟಿಗೆಯೊಳಗೆ ರೈಲಿನಲ್ಲಿ ಪಯಣಿಸಿ ವೇಯ್ನ್ ಊರನ್ನು ಸೇರಿತು. ಅದರ ಹೆಸರು ಮಿಸ್ಟಿ.

ಮರುವರ್ಷ, 1947ರಲ್ಲಿ, ಶಿಂಕಟೀಗಿನ ಮಿಸ್ಟಿಯ ಕಥೆ ಪುಸ್ತಕವಾಗಿ ಹೊರಬಂದಿತು. ಹರಾಜಿನಲ್ಲಿ ಒಂದು ಕಾಡುತಟ್ಟನ್ನು ಕೊಳ್ಳಬೇಕೆಂದು ಬೆವರು ಸುರಿಸಿ ಹಣ ಕೂಡಿಸುವ ಅಣ್ಣತಂಗಿಯರು, ಯಾರ ಕೈಗೂ ಸಿಗದ ಫ್ಯಾಂಟಮ್ ಎಂಬ ಕಾಡುಕುದುರೆ, ಅದರ ಮರಿಯಾದ ಮಿಸ್ಟಿ — ಇವರ ಸುತ್ತ ಆ ಕಥೆ ಹೆಣೆದುಕೊಂಡಿದೆ. ಕಥೆಯ ಕೊನೆಯಲ್ಲಿ ತಾಯಿಕುದುರೆ ದ್ವೀಪದ ಸ್ವಾತಂತ್ರ್ಯಕ್ಕೆ ಹಿಂದಿರುಗುತ್ತದೆ. ಮಕ್ಕಳೇ ಅದನ್ನು ಬಿಟ್ಟುಕೊಡುತ್ತಾರೆ. ತನ್ನದಾಗಬೇಕೆಂದು ಹಂಬಲಿಸಿದ ಪ್ರಾಣಿಯ ಹಿತಕ್ಕಾಗಿಯೇ ಅದನ್ನು ಕಳೆದುಕೊಳ್ಳುವುದು ಪ್ರೀತಿಯ ಒಂದು ಎತ್ತರವೆಂಬುದನ್ನು ಲೇಖಕಿ ಎಲ್ಲಿಯೂ ಉಪದೇಶ ಮಾಡದೆ ಮಕ್ಕಳಿಗೆ ಮನಗಾಣಿಸುತ್ತಾಳೆ. ಕಥೆಯ ಮಿಸ್ಟಿ ಅಸಟೀಗಿನ ಕಾಡಿನಲ್ಲಿ ಹುಟ್ಟಿದವಳು. ನಿಜವಾದ ಮಿಸ್ಟಿ ಬೀಬಿಯ ಹಟ್ಟಿಯಲ್ಲಿ ಹುಟ್ಟಿದವಳು. ಕಥೆಗಾರ್ತಿ ವಾಸ್ತವವನ್ನು ಹೀಗೆ ಅಲ್ಲಲ್ಲಿ ಮಾರ್ಪಡಿಸಿಕೊಂಡಳು. ಆದರೆ ದ್ವೀಪದ ಗಾಳಿ, ಜವುಗು, ಜನರ ಮಾತು, ಪ್ರಾಣಿಗಳ ನಡತೆ ಇವುಗಳಲ್ಲಿ ಆಕೆ ಕಣ್ಣಾರೆ ಕಂಡುದನ್ನು ಬಿಟ್ಟುಕೊಡಲಿಲ್ಲ. ಕಲ್ಪನೆಯು ಸತ್ಯದ ನೆಲದಲ್ಲಿ ಬೇರೂರಿದಾಗ ಮಾತ್ರ ಕಥೆಗೆ ಜೀವ ಬರುತ್ತದೆ.

ಪುಸ್ತಕ ಜನಪ್ರಿಯವಾಯಿತು. ಮಿಸ್ಟಿ ವೇಯ್ನ್ ಊರಿನಲ್ಲಿ ಲೇಖಕಿಯೊಡನೆ ಸುಮಾರು ಹತ್ತು ವರ್ಷ ಬಾಳಿತು. ನೆರೆಹೊರೆಯ ಮಕ್ಕಳು ಅದರ ಗೆಳೆಯರಾದರು. ದೂರದ ಊರುಗಳ ಮಕ್ಕಳು ಅದಕ್ಕೆ ಪತ್ರ ಬರೆದರು. ಶಾಲೆಗಳಿಗೂ ಗ್ರಂಥಾಲಯಗಳ ಸಮಾರಂಭಗಳಿಗೂ ಮಿಸ್ಟಿಯನ್ನು ಅತಿಥಿಯಂತೆ ಬರಮಾಡಿಕೊಳ್ಳುತ್ತಿದ್ದರು. ಪುಸ್ತಕದ ಪುಟದಿಂದ ಎದ್ದು ಬಂದ ಕುದುರೆಯನ್ನು ಕೈಯಿಂದ ಸವರಿ ನೋಡುವ ಭಾಗ್ಯ ಎಷ್ಟು ಮಕ್ಕಳಿಗೆ ದೊರೆಯುತ್ತದೆ?

1948ರಲ್ಲಿ ಮಾರ್ಗರೀಟಳ ಇನ್ನೊಂದು ಮಹತ್ವದ ಕೃತಿ ಪ್ರಕಟವಾಯಿತು. ಹದಿನೆಂಟನೆಯ ಶತಮಾನದಲ್ಲಿ ಉತ್ತರ ಆಫ್ರಿಕದಿಂದ ಫ್ರಾನ್ಸಿಗೂ ಅಲ್ಲಿಂದ ಇಂಗ್ಲೆಂಡಿಗೂ ಬಂದ ಗಾಡಾಲ್ಫಿನ್ ಅರೇಬಿಯನ್ ಎಂಬ ಕುದುರೆಯ ಕಥೆ ಅದು. ಪ್ಯಾರಿಸಿನ ಬೀದಿಗಳಲ್ಲಿ ಗಾಡಿಯೆಳೆಯುತ್ತಿತ್ತೆಂದು ಐತಿಹ್ಯವಿರುವ ಈ ಕುದುರೆ, ಇಂದಿನ ಜೂಜುಕುದುರೆಗಳ ಮೂರು ಮೂಲಪುರುಷರಲ್ಲಿ ಒಂದೆನಿಸಿತು. ಅದರ ಸುಖದುಃಖಗಳಲ್ಲಿ ಪಾಲ್ಗೊಳ್ಳುವ ಮೂಕ ಹುಡುಗ ಆಗ್ಬಾ ಲೇಖಕಿಯ ಸೃಷ್ಟಿ. ಮಾತು ಬಾರದ ಪ್ರಾಣಿಗೆ ಮಾತು ಬಾರದ ಬಾಲಕನನ್ನೇ ಜೊತೆಗಾರನನ್ನಾಗಿ ಮಾಡಿದ ಈ ಕಥೆಗೆ 1949ರ ನ್ಯೂಬೆರಿ ಪದಕ ದೊರೆಯಿತು. ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ಗ್ರಂಥಪಾಲಕರ ಸಂಘವು ಕೊಡುವ ಅತ್ಯುನ್ನತ ಗೌರವವದು. ಜಸ್ಟಿನ್ ಮಾರ್ಗನನ ಕುದುರೆಯ ಕಥೆಗೂ ಮಿಸ್ಟಿಯ ಕಥೆಗೂ ಅದಕ್ಕೆ ಮೊದಲೇ ಅದೇ ಪ್ರಶಸ್ತಿಯ ವಿಶೇಷ ಮನ್ನಣೆ ಸಂದಿದ್ದಿತು.

ಕುದುರೆಗಳಷ್ಟೇ ಆಕೆಯ ಕಥಾನಾಯಕರಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ಸ್ವಚ್ಛಂದವಾಗಿ ಬಾಳಿದ ಬ್ರೈಟಿ ಎಂಬ ಕತ್ತೆಯ ವೃತ್ತಾಂತವನ್ನು ಆಕೆ 1953ರಲ್ಲಿ ಬರೆದಳು. ಲೋಕವು ಹಾಸ್ಯಕ್ಕೆ ಗುರಿಮಾಡುವ ಕತ್ತೆಯಲ್ಲಿಯೂ ಗಾಂಭೀರ್ಯವನ್ನು ಕಾಣಬಲ್ಲ ಕಣ್ಣು ಆಕೆಗಿತ್ತು. ಪುಸ್ತಕ ಬರೆಯುವ ಮುನ್ನ ಆಕೆ ಗ್ರಂಥಾಲಯಗಳಲ್ಲಿ ಹುಡುಕುತ್ತಿದ್ದಳು, ಬಲ್ಲವರಿಗೆ ಪತ್ರ ಬರೆದು ವಿಚಾರಿಸುತ್ತಿದ್ದಳು, ಸಾಧ್ಯವಾದಲ್ಲಿಗೆ ಸ್ವತಃ ಹೋಗಿ ನೋಡುತ್ತಿದ್ದಳು. ಮಕ್ಕಳಿಗಾಗಿ ಬರೆಯುವವರು ಎಚ್ಚರ ತಪ್ಪಿದರೂ ನಡೆದೀತೆಂಬ ಭಾವನೆ ಆಕೆಗೆ ಎಂದೂ ಇರಲಿಲ್ಲ.

ಇಷ್ಟು ಕೀರ್ತಿಯನ್ನು ತಂದುಕೊಟ್ಟ ಮಿಸ್ಟಿಯನ್ನು ಮಾರ್ಗರೀಟ್ ಕೊನೆಯವರೆಗೂ ತನ್ನಲ್ಲಿಯೇ ಇಟ್ಟುಕೊಳ್ಳಬಹುದಾಗಿತ್ತು. ಮಕ್ಕಳಿಲ್ಲದ ಮನೆಗೆ ಅದು ಮಗಳಂತೆಯೇ ಆಗಿತ್ತೆನ್ನಬೇಕು. ಆದರೂ 1957ರಲ್ಲಿ ಆಕೆ ಅದನ್ನು ಶಿಂಕಟೀಗಿನ ಬೀಬಿ ಮನೆತನದವರಿಗೆ ಒಪ್ಪಿಸಿಕೊಟ್ಟಳು. ಹುಟ್ಟಿದ ನೆಲದಲ್ಲಿ, ತನ್ನ ಜಾತಿಯವರ ನಡುವೆ, ಅದು ಮರಿಗಳನ್ನು ಹೆತ್ತು ಬಾಳಬೇಕೆಂಬುದು ಆಕೆಯ ಇಚ್ಛೆ. ಕಥೆಯಲ್ಲಿ ಮಕ್ಕಳಿಂದ ಮಾಡಿಸಿದ ತ್ಯಾಗವನ್ನು ಹತ್ತು ವರ್ಷಗಳ ತರುವಾಯ ಲೇಖಕಿ ತಾನೇ ಮಾಡಬೇಕಾಯಿತು. ಬರೆದುದನ್ನು ಬಾಳಿ ತೋರಿಸುವುದು ಬರೆಯುವುದಕ್ಕಿಂತ ಕಷ್ಟ. ಆ ಕಷ್ಟಕ್ಕೆ ಆಕೆ ಹಿಂಜರಿಯಲಿಲ್ಲ. 1961ರಲ್ಲಿ ಮಿಸ್ಟಿಯ ಕಥೆ ಚಲನಚಿತ್ರವಾಯಿತು. ಶಿಂಕಟೀಗಿನ ಚಿತ್ರಮಂದಿರದ ಮುಂದಿನ ಹಸಿ ಸಿಮೆಂಟಿನಲ್ಲಿ ಆಗ ಮಿಸ್ಟಿಯ ಗೊರಸಿನ ಗುರುತುಗಳನ್ನು ಮೂಡಿಸಿದರು.

1962ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಅಟ್ಲಾಂಟಿಕ್ ಕರಾವಳಿಗೆ ಭಾರಿ ಬಿರುಗಾಳಿ ಅಪ್ಪಳಿಸಿತು. ಒಂದರ ಮೇಲೊಂದರಂತೆ ಉಬ್ಬರಗಳು ಏರಿಬಂದು ಶಿಂಕಟೀಗ್ ಪಟ್ಟಣ ನೀರಿನಲ್ಲಿ ಮುಳುಗಿತು. ಜನ ಮನೆಮಾರುಗಳನ್ನು ತೊರೆದು ಹೋಗಬೇಕಾಯಿತು. ಆಗ ಮಿಸ್ಟಿ ತುಂಬು ಗರ್ಭಿಣಿ. ಬೀಬಿ ಮನೆಯವರು ಅದನ್ನು ತಮ್ಮ ಮನೆಯೊಳಗೆ, ಅಡಿಗೆಮನೆಗೇ ತಂದು ಕೂಡಿ ಕಾಪಾಡಿದರು. ನೀರು ಇಳಿದ ಮೇಲೆ ಅದನ್ನು ಒಳನಾಡಿನ ಪಶುವೈದ್ಯನ ಬಳಿಗೆ ಸಾಗಿಸಿದರು. ಅಲ್ಲಿ ಮಾರ್ಚ್ 11ರಂದು ಅದು ಹೆಣ್ಣುಮರಿಯೊಂದನ್ನು ಈಯಿತು. ಬಿರುಗಾಳಿಯ ನೆನಪಿಗಾಗಿ ಮರಿಗೆ ಸ್ಟಾರ್ಮಿ ಎಂದು ಹೆಸರಿಟ್ಟರು. ಆದರೆ ದ್ವೀಪಗಳ ಇತರ ತಟ್ಟುಗಳಲ್ಲಿ ಬಹುಸಂಖ್ಯೆಯವು ಕೊಚ್ಚಿಹೋಗಿದ್ದವು. ಹಿಂಡನ್ನು ಮತ್ತೆ ಕಟ್ಟುವುದು ಹೇಗೆ?

ಈಗ ಪುಸ್ತಕದ ಋಣ ತೀರುವ ಕಾಲ ಬಂದಿತು. ದೇಶದ ಮೂಲೆಮೂಲೆಗಳಲ್ಲಿ ಮಿಸ್ಟಿಯ ಕಥೆಯನ್ನು ಓದಿ ಬೆಳೆದ ಮಕ್ಕಳಿದ್ದರು. ಅವರು ತಮ್ಮ ಪುಡಿಕಾಸುಗಳನ್ನು ಕಳುಹಿಸಿಕೊಟ್ಟರು. ಮಿಸ್ಟಿ ಮತ್ತು ಸ್ಟಾರ್ಮಿಯನ್ನು ಚಿತ್ರಮಂದಿರಗಳಿಗೆ ಕರೆದೊಯ್ದು, ಚಲನಚಿತ್ರವನ್ನು ಮತ್ತೆ ತೋರಿಸಿ ಹಣ ಕೂಡಿಸಿದರು. ಹಿಂದೆ ಹರಾಜಿನಲ್ಲಿ ಮಾರಿಹೋಗಿದ್ದ ತಟ್ಟುಗಳನ್ನು ಮರಳಿ ಕೊಂಡು ದ್ವೀಪಕ್ಕೆ ಬಿಟ್ಟರು. ಹಿಂಡು ಮತ್ತೆ ಬೆಳೆಯಿತು. ಒಂದು ದ್ವೀಪದಿಂದ ಒಂದು ಮರಿಯನ್ನು ತಂದು ಕಥೆ ಬರೆದಳು ಲೇಖಕಿ; ಆ ಕಥೆ ಒಂದು ಹಿಂಡನ್ನೇ ದ್ವೀಪಕ್ಕೆ ಹಿಂದಿರುಗಿಸಿತು. ಈ ಘಟನೆಗಳನ್ನು ಆಧರಿಸಿ ಮಾರ್ಗರೀಟ್ 1963ರಲ್ಲಿ ಸ್ಟಾರ್ಮಿಯ ಕಥೆಯನ್ನು ಪ್ರಕಟಿಸಿದಳು. ಮಿಸ್ಟಿ 1972ರ ಅಕ್ಟೋಬರಿನಲ್ಲಿ, ಇಪ್ಪತ್ತಾರು ವರ್ಷಗಳ ತುಂಬು ಬಾಳನ್ನು ಬಾಳಿ ಕಣ್ಣು ಮುಚ್ಚಿತು.

ಪಶ್ಚಿಮ ಅಮೆರಿಕದ ಬಯಲುಗಳಲ್ಲಿ ಮಸ್ಟಾಂಗ್ ಎಂಬ ಕಾಡುಕುದುರೆಗಳಿವೆ. ಮಾಂಸದ ವ್ಯಾಪಾರಕ್ಕಾಗಿ ಅವುಗಳನ್ನು ವಿಮಾನ ಮೋಟಾರುಗಳಿಂದ ಅಟ್ಟಿಸಿ, ಕ್ರೂರವಾಗಿ ಸೆರೆಹಿಡಿಯುತ್ತಿದ್ದ ಕಾಲವೊಂದಿತ್ತು. 1950ರಲ್ಲಿ ನೆವಾಡ ಪ್ರಾಂತದ ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ, ಹೆದ್ದಾರಿಯಲ್ಲಿ ಸಾಗುತ್ತಿದ್ದ ವಾಹನವೊಂದರಿಂದ ರಕ್ತ ಸೋರುತ್ತಿದ್ದುದನ್ನು ಕಂಡು, ಒಳಗೆ ತುಂಬಿದ್ದ ಕುದುರೆಗಳ ಯಾತನೆಯನ್ನರಿತು ಹೋರಾಟಕ್ಕಿಳಿದಳು. ಆಕೆಯೂ ಬಾಲ್ಯದಲ್ಲಿ ಪೋಲಿಯೋ ರೋಗಕ್ಕೆ ತುತ್ತಾಗಿದ್ದವಳು. ಆಕೆಯ ಜೀವನವನ್ನು ಮಾರ್ಗರೀಟ್ 1966ರಲ್ಲಿ ಮಕ್ಕಳ ಕಾದಂಬರಿಯಾಗಿ ಬರೆದಳು. ಮುಂದಿನ ವರ್ಷಗಳಲ್ಲಿ ಶಾಲಾಮಕ್ಕಳು ಕಾಡುಕುದುರೆಗಳನ್ನು ಉಳಿಸಿರೆಂದು ಶಾಸಕರಿಗೆ ಅಸಂಖ್ಯಾತ ಪತ್ರಗಳನ್ನು ಬರೆದರು. 1971ರಲ್ಲಿ ಅಮೆರಿಕದ ಶಾಸನಸಭೆ ಆ ಕುದುರೆಗಳ ರಕ್ಷಣೆಗೆ ಕಾನೂನನ್ನು ಮಾಡಿತು. ಮತದಾನದ ಹಕ್ಕಿಲ್ಲದ ಮಕ್ಕಳ ದನಿ ಒಂದು ರಾಷ್ಟ್ರದ ಕಾನೂನಿನಲ್ಲಿ ಸೇರಿಕೊಂಡಿತು.

ಮಾರ್ಗರೀಟ್ ಬಾಳಿನ ಸಂಜೆಯನ್ನು ಕ್ಯಾಲಿಫೋರ್ನಿಯಾದಲ್ಲಿ ಕಳೆದಳು. ಅಲ್ಲಿಯೂ ಬರವಣಿಗೆಯನ್ನು ಬಿಡಲಿಲ್ಲ. ಮಿಸ್ಟಿಯ ವಂಶದ ಕುದುರೆಯೊಂದರ ಕಥೆಯನ್ನು 1992ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಪ್ರಕಟಿಸಿದಳು. 1997ನೆಯ ನವೆಂಬರ್ 26ರಂದು, ತನ್ನ ತೊಂಬತ್ತೈದನೆಯ ವಯಸ್ಸಿನಲ್ಲಿ ಆಕೆ ನಿಧನ ಹೊಂದಿದಳು. ಬಾಲ್ಯದಲ್ಲಿ ಹೃದಯ ದುರ್ಬಲವೆಂದು ಹಾಸಿಗೆಯಲ್ಲಿ ಮಲಗಿಸಲ್ಪಟ್ಟ ಹುಡುಗಿ ಹೆಚ್ಚುಕಡಿಮೆ ಒಂದು ಶತಮಾನ ಬಾಳಿ, ಅರುವತ್ತರ ಸಮೀಪದಷ್ಟು ಪುಸ್ತಕಗಳನ್ನು ಬಿಟ್ಟುಹೋದಳು.

ಇಂದಿಗೂ ಜುಲೈ ತಿಂಗಳ ಕೊನೆಯಲ್ಲಿ ಅಸಟೀಗಿನ ತಟ್ಟುಗಳು ನೀರಿಗಿಳಿಯುತ್ತವೆ. ತಾಯಿಯ ಪಕ್ಕದಲ್ಲಿ ಮರಿಗಳು ಮೂತಿಯನ್ನಷ್ಟೇ ಮೇಲೆತ್ತಿ ಈಜುತ್ತವೆ. ದಡದಲ್ಲಿ ನೆರೆದ ಸಹಸ್ರಾರು ಜನರಲ್ಲಿ ಅನೇಕರು ಬಾಲ್ಯದಲ್ಲಿ ಓದಿದ ಒಂದು ಪುಸ್ತಕದ ನೆನಪಿನಿಂದ ಅಲ್ಲಿಗೆ ಬಂದವರು. ಕೋಣೆಯೊಳಗೆ ಮಲಗಿದ್ದ ಒಬ್ಬ ಬಾಲಕಿ ಅಕ್ಷರಗಳ ಬೆನ್ನೇರಿ ಎಷ್ಟು ದೂರ ಸಾಗಿದಳು! ಮೂಕಪ್ರಾಣಿಯಿಂದ ಮನುಷ್ಯನು ಪಡೆದುದು ಬಹಳ, ಹಿಂದಿರುಗಿಸಿದುದು ಸ್ವಲ್ಪ. ಪಡೆದುದನ್ನು ಮರೆಯದೆ, ಹಿಂದಿರುಗಿಸುವುದನ್ನೂ ಬಲ್ಲವರಾಗಿದ್ದ ವಿರಳರಲ್ಲಿ ಮಾರ್ಗರೀಟ್ ಹೆನ್ರಿ ಒಬ್ಬಳು.